ಬೆಳಕಿನ ಕರಾರುಪತ್ರ

ನಮ್ಮ ನಾಡಿನ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜಲಪಾತದಿಂದ ಆರಂಭಿಸುತ್ತಾರೆ. ಕಾವೇರಿ ಎರಡಾಗಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರ, ಅಲ್ಲಿ ಯಂತ್ರಗಳನ್ನು ಹೂಡಿದವರ ಸಾಹಸ, ಬೆಂಗಳೂರಿನ ಬೀದಿಯಲ್ಲಿ ಮೊದಲ ದೀಪ ಬೆಳಗಿದ ಸಂಜೆ, ಇವೆಲ್ಲ ಹೇಳುವುದಕ್ಕೂ ಕೇಳುವುದಕ್ಕೂ ಸೊಗಸಾದ ಸಂಗತಿಗಳು. ಆದರೆ ಆ ಚರಿತ್ರೆಯ ಮೊದಲ ಪುಟದಲ್ಲಿ ಜಲಪಾತದ ಜೊತೆಗೆ ಒಂದು ಕಾಗದವೂ ಇದೆ. ಅದು ಕರಾರುಪತ್ರ. ಜಲಪಾತವನ್ನು ಎಲ್ಲರೂ ನೆನೆಯುತ್ತಾರೆ. ಕಾಗದವನ್ನು ನೆನೆಯುವವರು ಕಡಮೆ. ಇಂದು ವಿದ್ಯುತ್ತಿನ ವಿಷಯದಲ್ಲಿ ನ್ಯಾಯಾಲಯಗಳಲ್ಲಿಯೂ ಶಾಸನಸಭೆಯಲ್ಲಿಯೂ ನಡೆಯುತ್ತಿರುವ ವಾದಗಳು ಅರ್ಥವಾಗಬೇಕಾದರೆ ಆ ಕಾಗದದಿಂದಲೇ ಹೊರಡುವುದು ಮೇಲೆಂದು ನನಗೆ ತೋರುತ್ತದೆ.

ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಿಂದಿನವರು ಭೂಮಿಯನ್ನು ಕೊಟ್ಟರೆ ಕೊಟ್ಟವರು ಯಾರು, ಪಡೆದವರು ಯಾರು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನೆಲ್ಲ ಹೇಳಿ, ಕಡೆಗೆ ಅದನ್ನು ಅಳಿದವರಿಗೆ ಶಾಪವನ್ನೂ ಬರೆದು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಮಾತು ಮರೆತುಹೋಗುತ್ತದೆ, ಕಲ್ಲು ಮರೆಯುವುದಿಲ್ಲ ಎಂಬುದು ಅವರ ತಿಳಿವಳಿಕೆ. ವಿದ್ಯುತ್ತಿನ ಯುಗದಲ್ಲಿ ಈ ತಿಳಿವಳಿಕೆ ಯಾರ ಪಾಲಿಗೆ ಒದಗಿತು, ಯಾರ ಪಾಲಿಗೆ ಒದಗಲಿಲ್ಲ ಎಂಬುದೇ ಈ ಲೇಖನದ ವಿಷಯ.

ಮೊದಲ ಗಿರಾಕಿ

ಶಿವನಸಮುದ್ರದ ಯೋಜನೆಯನ್ನು ರೂಪಿಸಿದವರು ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಸೇನಾ ಇಂಜಿನಿಯರು; ಅದನ್ನು ಕೈಗೆತ್ತಿಕೊಂಡವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಅಯ್ಯರ್ ಅವರು 1901ರಲ್ಲಿ ತೀರಿಕೊಂಡರು. ತಮ್ಮ ಯೋಜನೆ ಫಲಿಸಿದ್ದನ್ನು ನೋಡುವ ಭಾಗ್ಯ ಅವರಿಗೆ ಬರಲಿಲ್ಲ. 1902ನೆಯ ಇಸವಿ ಜೂನ್ 30ರಂದು, ಮೈಸೂರು ಇನ್ನೂ ರಾಣಿಯವರ ರೀಜೆನ್ಸಿಯಲ್ಲಿದ್ದಾಗ, ಶಿವನಸಮುದ್ರದಿಂದ 92 ಮೈಲಿ ದೂರಕ್ಕೆ ತಂತಿಯ ಮೇಲೆ ವಿದ್ಯುತ್ತು ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸುವುದು ಆಗ ಜಗತ್ತಿನಲ್ಲಿಯೇ ಅಪರೂಪದ ಕೆಲಸವಾಗಿತ್ತು.

ಅದು ಹರಿದದ್ದು ಎಲ್ಲಿಗೆ? ಮೈಸೂರಿನ ಅರಮನೆಗಲ್ಲ, ಬೆಂಗಳೂರಿನ ಪೇಟೆಗಲ್ಲ; ಕೋಲಾರದ ಚಿನ್ನದ ಗಣಿಗಳಿಗೆ. ಅಲ್ಲಿಯವರೆಗೆ ಗಣಿಯ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ಸೌದೆ, ಕಲ್ಲಿದ್ದಲುಗಳ ಖರ್ಚು ಬಹಳ. ಗಣಿಗಳ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಕಂಪೆನಿಯವರು ಲೆಕ್ಕಾಚಾರದಲ್ಲಿ ಪಳಗಿದವರು. ವಿದ್ಯುತ್ತು ತಪ್ಪದೆ ಬರುತ್ತದೆಂಬ ಭರವಸೆಯಿಲ್ಲದೆ ಅವರು ಹಬೆಯನ್ನು ಬಿಡುವಂತಿರಲಿಲ್ಲ. ಕೊಳ್ಳುವವರು ಖಚಿತವಾಗದೆ ಸರ್ಕಾರವೂ ಅಷ್ಟು ಹಣವನ್ನು ಹೊಳೆಯಲ್ಲಿ ಹಾಕುವಂತಿರಲಿಲ್ಲ. ಆದ್ದರಿಂದ ಇಬ್ಬರೂ ಮೊದಲು ಕರಾರು ಬರೆದುಕೊಂಡರು. ಎಷ್ಟು ವರ್ಷ, ಎಷ್ಟು ಅಶ್ವಶಕ್ತಿ, ಒಂದು ಅಶ್ವಶಕ್ತಿಗೆ ವರ್ಷಕ್ಕೆ ಎಷ್ಟು ಹಣ ಎಂಬುದೆಲ್ಲ ನಿಶ್ಚಯವಾಯಿತು. ಗಣಿಗಳಿಗೆ ವಿದ್ಯುತ್ತು ಮುಟ್ಟಿದ ಮೂರು ವರ್ಷಗಳ ಮೇಲೆ, 1905ರ ಆಗಸ್ಟಿನಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರಿಗೂ ಬೆಳಕು ಬಂದಿತು.

ಇದರಲ್ಲಿ ತಪ್ಪು ಹುಡುಕುವುದಕ್ಕೆ ನಾನು ಹೊರಟಿಲ್ಲ. ಆ ಕರಾರು ಇಲ್ಲದಿದ್ದರೆ ಶಿವನಸಮುದ್ರದಲ್ಲಿ ಯಂತ್ರವೂ ಇರುತ್ತಿರಲಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ವಿದ್ಯುತ್ತಿನ ವ್ಯವಹಾರ ಆರಂಭವಾದದ್ದೇ ಬರೆದ ಮಾತಿನಿಂದ. ಬರೆಸಿಕೊಳ್ಳುವ ಶಕ್ತಿ ಇದ್ದವರು ಬರೆಸಿಕೊಂಡರು.

ನದಿಯ ಒಪ್ಪಿಗೆ

ಕರಾರಿನ ಮಾತನ್ನು ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಯಂತ್ರಗಳೂ ಸೊರಗುತ್ತಿದ್ದವು. ವರ್ಷವಿಡೀ ಒಂದೇ ಸಮನಾಗಿ ನೀರು ಬೇಕೆಂದರೆ ಮೇಲೆ ಎಲ್ಲಿಯಾದರೂ ಅದನ್ನು ಕೂಡಿಡಬೇಕು. ಕನ್ನಂಬಾಡಿ ಕಟ್ಟೆಯ ಹಿಂದೆ ಮಂಡ್ಯದ ಗದ್ದೆಗಳ ಯೋಚನೆ ಇದ್ದಂತೆಯೇ ಶಿವನಸಮುದ್ರದ ಯಂತ್ರಗಳ ಯೋಚನೆಯೂ ಇತ್ತು. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ ಕೆಲಸ ಮೊದಲಾಯಿತು.

ಅಲ್ಲಿ ಕಾನೂನು ಅಡ್ಡ ಬಂದಿತು. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯವನ್ನು ಕಟ್ಟಕೂಡದೆಂದು 1892ರ ಒಪ್ಪಂದ ಹೇಳುತ್ತಿತ್ತು. ವಿವಾದ ಪಂಚಾಯ್ತಿಗೆ ಹೋಯಿತು. ಸರ್ ಹೆನ್ರಿ ಗ್ರಿಫಿನ್ 1914ರಲ್ಲಿ ತೀರ್ಪು ಕೊಟ್ಟರು. ಮದರಾಸು ಅದನ್ನು ಒಪ್ಪದೆ ಲಂಡನ್ನಿನವರೆಗೂ ಹೋಯಿತು. ಕಡೆಗೆ 1924ರ ಫೆಬ್ರವರಿಯಲ್ಲಿ ಎರಡು ಸರ್ಕಾರಗಳ ನಡುವೆ ಹೊಸ ಒಪ್ಪಂದವಾಯಿತು. ಒಂದು ನದಿಯ ನೀರಿಗಾಗಿ ಎರಡು ಸರ್ಕಾರಗಳು ಹದಿಮೂರು ವರ್ಷ ಕಾಗದದ ಮೇಲೆ ಹೋರಾಡಿದವು. ಆ ಹೋರಾಟದಲ್ಲಿ ಇಬ್ಬರ ಕೈಯಲ್ಲಿಯೂ ವಕೀಲರಿದ್ದರು, ದಾಖಲೆಗಳಿದ್ದವು. ಜಲಾಶಯದ ತಳಕ್ಕೆ ಸೇರಿದ ಹಳ್ಳಿಗಳ ಒಕ್ಕಲುಗಳು ಆ ವಾದದಲ್ಲಿ ಪಕ್ಷಗಾರರಾಗಿರಲಿಲ್ಲ.

ಮಂಡಳಿಯ ಕಾಲ

ಬ್ರಿಟಿಷ್ ಇಂಡಿಯಾದಲ್ಲಿ ವಿದ್ಯುತ್ತಿನ ಮುಖ್ಯ ಕಾನೂನು 1910ರದು. ಅದರ ದೃಷ್ಟಿ ಸರಳವಾದದ್ದು. ಒಂದು ಊರಿಗೆ ದೀಪ ಹಾಕುವೆನೆಂದು ಕಂಪೆನಿ ಮುಂದೆ ಬಂದರೆ ಸರ್ಕಾರ ಅದಕ್ಕೆ ಲೈಸೆನ್ಸು ಕೊಡುತ್ತದೆ. ಕಂಪೆನಿ ಬೀದಿ ಅಗೆಯಬಹುದು, ಕಂಬ ನಿಲ್ಲಿಸಬಹುದು. ಅದಕ್ಕೆ ಪ್ರತಿಯಾಗಿ ಕೇಳಿದವರಿಗೆ ವಿದ್ಯುತ್ತು ಕೊಡಬೇಕು. ಊರು ದೊಡ್ಡದಾಗಿದ್ದರೆ ಕಂಪೆನಿ ಬರುತ್ತದೆ. ಹಳ್ಳಿಗೆ ಯಾವ ಕಂಪೆನಿ ಬಂದೀತು?

ಈ ಕೊರತೆಯನ್ನು ತುಂಬುವುದಕ್ಕೆ ಬಂದದ್ದು 1948ರ ವಿದ್ಯುತ್ ಸರಬರಾಜು ಕಾಯಿದೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಜೊತೆಗೆ ವಿದ್ಯುತ್ತಿನ ವಿಷಯವನ್ನೂ ನೋಡಿಕೊಳ್ಳುತ್ತಿದ್ದವರು ಡಾ. ಅಂಬೇಡ್ಕರ್. ವಿದ್ಯುತ್ತು ಸಾರ್ವಜನಿಕರ ಸ್ವತ್ತಾಗಿರಬೇಕು, ಅಗ್ಗವಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಹೊಸ ಕಾಯಿದೆ ಪ್ರತಿ ರಾಜ್ಯದಲ್ಲಿಯೂ ವಿದ್ಯುತ್ ಮಂಡಳಿಯನ್ನು ಸ್ಥಾಪಿಸಲು ಹೇಳಿತು. ಮಂಡಳಿ ಸಾಧ್ಯವಾದಮಟ್ಟಿಗೆ ನಷ್ಟದಲ್ಲಿ ನಡೆಯಬಾರದೆಂದು ಅದು ಹೇಳಿತು. ಲಾಭ ಮಾಡಲೇಬೇಕೆಂದು ಮೊದಲು ಹೇಳಿರಲಿಲ್ಲ. ನಮ್ಮಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ 1957ರ ಅಕ್ಟೋಬರ್ 1ರಂದು ಆರಂಭವಾಯಿತು. ಉತ್ಪಾದನೆಯ ಕೆಲಸಕ್ಕೆ ಪ್ರತ್ಯೇಕವಾದ ನಿಗಮ 1970ರಲ್ಲಿ ಬಂದಿತು.

ಈ ನಡುವೆ ಸಂವಿಧಾನ ಜಾರಿಗೆ ಬಂದು ಅಧಿಕಾರವನ್ನು ಪಟ್ಟಿಗಳಾಗಿ ಹಂಚಿತ್ತು. ನೀರು, ಭೂಮಿ ರಾಜ್ಯದ ಪಟ್ಟಿಗೆ. ವಿದ್ಯುತ್ತು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಗೆ. ಅರಣ್ಯ ಮೊದಲು ರಾಜ್ಯದ್ದಾಗಿತ್ತು. 1976ರ ತಿದ್ದುಪಡಿಯಿಂದ ಅದೂ ಸಮವರ್ತಿ ಪಟ್ಟಿಗೆ ಹೋಯಿತು. ಜಲವಿದ್ಯುತ್ತಿಗೆ ನೀರು, ಭೂಮಿ, ಅರಣ್ಯ ಮೂರೂ ಬೇಕು. ಒಂದು ಬಲ್ಬು ಉರಿಯುವುದಕ್ಕೆ ಎಷ್ಟು ಬೀಗದ ಕೈಗಳು ಬೇಕೆಂಬುದು ಇದರಿಂದ ತಿಳಿಯುತ್ತದೆ. ಈ ಹಂಚಿಕೆಯ ಪರಿಣಾಮವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ಶರಾವತಿ ತೀರದವರು.

ಮುಳುಗಡೆ

ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮರುವರ್ಷದ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಶರಾವತಿಯ ವಿದ್ಯುದಾಗಾರವನ್ನು ಉದ್ಘಾಟಿಸಿದರು. ಅದರ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1,035 ಮೆಗಾವಾಟ್. ರಾಯಚೂರಿನಲ್ಲಿ 1985ರಲ್ಲಿ ಕಲ್ಲಿದ್ದಲಿನ ಸ್ಥಾವರ ಆರಂಭವಾಗುವವರೆಗೆ ನಮ್ಮ ರಾಜ್ಯದ ಉತ್ಪಾದನೆಗೆ ನೀರೇ ಆಧಾರ. ಆ ನೀರಿನಲ್ಲಿ ಶರಾವತಿಯದು ಮೊದಲ ಸ್ಥಾನ. ಬೆಂಗಳೂರಿನ ದೊಡ್ಡ ಕಾರ್ಖಾನೆಗಳು, ನಾವು ಓದಿದ ಶಾಲೆಗಳು, ನಮ್ಮ ಮನೆಯ ದೀಪಗಳು ಎಲ್ಲವೂ ಆ ಕಣಿವೆಯ ಋಣದಲ್ಲಿವೆ.

ಆ ಕಣಿವೆಯ ಜನ ಊರು ಬಿಟ್ಟು ಹೊರಟಾಗ ಅವರ ಕೈಯಲ್ಲಿ ಏನಿತ್ತು? ತಮ್ಮ ಗದ್ದೆ ತೋಟಗಳಿಗೆ ಒಂದಿಷ್ಟು ಪರಿಹಾರ. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಿನಲ್ಲಿ ಭೂಮಿ ಕೊಡುವೆವೆಂಬ ಸರ್ಕಾರದ ಮಾತು. ಅನೇಕರು ಕಾಡು ಕಡಿದು, ಗುಡಿಸಲು ಹಾಕಿ, ಉತ್ತು ಬಿತ್ತಿ ಬದುಕು ಕಟ್ಟಿದರು. ಆದರೆ ಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಿ ಕಂದಾಯ ಭೂಮಿ ಮಾಡುವ ಕೆಲಸ ಆಗಲೇ ಆಗಿದ್ದರೆ ರಾಜ್ಯ ಸರ್ಕಾರದ ಒಂದು ಆದೇಶದಿಂದ ಮುಗಿಯುತ್ತಿತ್ತು. ಅದು ಪೂರ್ತಿಯಾಗಲಿಲ್ಲ. ಅಷ್ಟರಲ್ಲಿ 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು. ಕೇಂದ್ರದ ಮುಂಚಿತವಾದ ಅನುಮತಿಯಿಲ್ಲದೆ ಅರಣ್ಯವನ್ನು ಬೇರೆ ಉದ್ದೇಶಕ್ಕೆ ಕೊಡಕೂಡದೆಂದು ಅದು ವಿಧಿಸಿತು. ಕಾಯಿದೆ ಒಳ್ಳೆಯದೇ, ಕಾಡನ್ನು ಉಳಿಸಿದ ಕಾಯಿದೆ. ಆದರೆ ನಾಡಿಗಾಗಿ ಊರು ಬಿಟ್ಟವರು ಆ ಕಾಯಿದೆಯ ಕಣ್ಣಿಗೆ ಒತ್ತುವರಿದಾರರಂತೆ ಕಾಣತೊಡಗಿದರು. ಮುಂದೆ ರಾಜ್ಯ ಸರ್ಕಾರ ಆ ಅನುಮತಿಯಿಲ್ಲದೆಯೇ ಅರಣ್ಯಭೂಮಿಯನ್ನು ಬಿಡಿಸುವ ಆದೇಶಗಳನ್ನು ಹೊರಡಿಸಿತು. ಅಂಥ ಆದೇಶ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಅಜ್ಜನಿಗೆ ಕೊಟ್ಟ ಮಾತಿಗಾಗಿ ಮೊಮ್ಮಗ ಹಕ್ಕುಪತ್ರ ಕೇಳುತ್ತ ಕಚೇರಿಗೆ ಅಲೆಯುವಂತಾಯಿತು.

ಕನ್ನಡ ಸಾಹಿತ್ಯ ಈ ಸಂಕಟವನ್ನು ಕಾನೂನಿಗಿಂತ ಮೊದಲೇ ಗುರುತಿಸಿತು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು ಅಣೆಕಟ್ಟಿನ ಪ್ರದೇಶವನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಡಿಸೋಜ ಅವರು 2025ರ ಜನವರಿಯಲ್ಲಿ ನಿಧನರಾದರು. ಅದೇ ವರ್ಷದ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಅಲ್ಲಿಯವರೆಗೆ ಸುಮಾರು ಅರವತ್ತು ವರ್ಷ ಆಚೆಯ ದಡದ ಹಳ್ಳಿಗಳವರು ಸಾಗರದ ಆಸ್ಪತ್ರೆಗೆ ಹೋಗಬೇಕಾದರೂ, ಮಗುವನ್ನು ಕಾಲೇಜಿಗೆ ಕಳುಹಿಸಬೇಕಾದರೂ ಲಾಂಚಿಗೆ ಕಾಯಬೇಕಾಗಿತ್ತು. ಇಲ್ಲವೇ ಬಹುದೂರ ಸುತ್ತಬೇಕಾಗಿತ್ತು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಖಾತರಿಯ ಕಾಲ

1991ರ ಬಳಿಕ ದೇಶದ ನೀತಿ ಬದಲಾಯಿತು. ಸರ್ಕಾರದ ಬಳಿ ಹಣವಿಲ್ಲ, ಖಾಸಗಿಯವರು ಬಂದು ವಿದ್ಯುತ್ತು ತಯಾರಿಸಲಿ ಎಂಬ ಮಾತು ಬಂದಿತು. ಮಂಗಳೂರಿಗೆ ಉತ್ತರದ ನಂದಿಕೂರಿನಲ್ಲಿ 1,000 ಮೆಗಾವಾಟಿನ ಸ್ಥಾವರ ಕಟ್ಟುವುದಕ್ಕೆ ಕೊಜೆಂಟ್ರಿಕ್ಸ್ ಎಂಬ ಅಮೆರಿಕದ ಕಂಪೆನಿ ಮುಂದೆ ಬಂದಿತು. ಇಂಥ ಕಂಪೆನಿಗಳು ಕೇಳಿದ್ದು ಕೋಲಾರದ ಗಣಿಯವರು ಕೇಳಿದ್ದನ್ನೇ, ತಿರುಗಿಸಿ: ಗಣಿಯವರು ವಿದ್ಯುತ್ತು ತಪ್ಪಬಾರದೆಂದರು, ಇವರು ಹಣ ತಪ್ಪಬಾರದೆಂದರು. ಮಂಡಳಿ ಹಣ ಕೊಡದಿದ್ದರೆ ರಾಜ್ಯ ಕೊಡಬೇಕು, ರಾಜ್ಯ ಕೊಡದಿದ್ದರೆ ಕೇಂದ್ರ ಕೊಡಬೇಕು ಎಂಬ ಖಾತರಿ ಅವರಿಗೆ ಬೇಕಾಗಿತ್ತು. ಕರಾವಳಿಯ ರೈತರೂ ಮೀನುಗಾರರೂ ಪರಿಸರದ ಕಾಳಜಿಯುಳ್ಳವರೂ ವಿರೋಧಿಸಿದರು, ಮೊಕದ್ದಮೆಗಳಾದವು. 1999ರ ಡಿಸೆಂಬರಿನಲ್ಲಿ ಕಂಪೆನಿ ಯೋಜನೆಯನ್ನು ಕೈಬಿಟ್ಟಿತು. ಕರಾರಿನಲ್ಲಿ ಹೆಸರಿಲ್ಲದ ಜನರು ನ್ಯಾಯಾಲಯದ ಬಾಗಿಲಿಗೆ ಬರುವುದನ್ನು ಕಲಿತ ಕಾಲ ಅದು.

ಬಿಲ್ಲಿನ ಹಿಂದೆ

ಇನ್ನು ನಗರದಲ್ಲಿರುವ ನಮ್ಮ ಕೈಗೆ ತಿಂಗಳು ತಿಂಗಳು ಬರುವ ಕಾಗದದ ವಿಚಾರ. 1999ರಲ್ಲಿ ನಮ್ಮ ರಾಜ್ಯ ವಿದ್ಯುತ್ ಸುಧಾರಣಾ ಕಾಯಿದೆಯನ್ನು ಜಾರಿಗೆ ತಂದಿತು. ಮಂಡಳಿ ಹೋಗಿ ಪ್ರಸರಣ ನಿಗಮ ಬಂದಿತು; 2002ರಲ್ಲಿ ಹಂಚಿಕೆಯ ಕೆಲಸ ಬೆಸ್ಕಾಂ, ಮೆಸ್ಕಾಂ ಮುಂತಾದ ಕಂಪೆನಿಗಳ ಪಾಲಾಯಿತು; ದರವನ್ನು ನಿಗದಿ ಮಾಡುವ ಅಧಿಕಾರ ಮಂತ್ರಿಗಳ ಕೈಯಿಂದ ನಿಯಂತ್ರಣ ಆಯೋಗಕ್ಕೆ ಹೋಯಿತು. ಇಡೀ ದೇಶಕ್ಕೆ 2003ರ ವಿದ್ಯುತ್ ಕಾಯಿದೆ ಬಂದು 1910ರ, 1948ರ ಕಾಯಿದೆಗಳು ರದ್ದಾದವು.

ಹೊಸ ಕಾಯಿದೆಯಲ್ಲಿ ಎರಡು ಮುಖ್ಯ ಮಾತುಗಳಿವೆ. ದೊಡ್ಡ ಗ್ರಾಹಕನು ತನಗೆ ಬೇಕಾದ ಕಡೆಯಿಂದ ವಿದ್ಯುತ್ತು ಕೊಳ್ಳಬಹುದು ಎಂಬುದು ಒಂದು. ಸರ್ಕಾರ ಯಾರಿಗಾದರೂ ಕಡಮೆ ದರಕ್ಕೆ ಅಥವಾ ಪುಕ್ಕಟೆಯಾಗಿ ಕೊಡಬೇಕೆಂದರೆ ಆ ಹಣವನ್ನು ಮುಂಗಡವಾಗಿ ಕಂಪೆನಿಗೆ ಕಟ್ಟಬೇಕು ಎಂಬುದು ಇನ್ನೊಂದು. ಎರಡೂ ಕೇಳುವುದಕ್ಕೆ ನ್ಯಾಯವಾಗಿವೆ. ಆದರೆ ಹತ್ತು ಅಶ್ವಶಕ್ತಿಯವರೆಗಿನ ರೈತರ ಪಂಪುಸೆಟ್ಟುಗಳಿಗೆ ನಮ್ಮಲ್ಲಿ ವಿದ್ಯುತ್ತು ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರು ಇರಲಿಲ್ಲ. ಅಳೆಯದ ವಸ್ತುವಿನ ಬೆಲೆಯನ್ನು ಮುಂಗಡವಾಗಿ ಕಟ್ಟುವುದು ಹೇಗೆ? ಅಂದಾಜಿನ ಮೇಲೆ ಲೆಕ್ಕ, ಲೆಕ್ಕದ ಮೇಲೆ ತಕರಾರು. ಇತ್ತ ಹೆಚ್ಚು ದರ ಕೊಡುತ್ತಿದ್ದ ಕಾರ್ಖಾನೆಗಳು ಬೇರೆ ಕಡೆ ವಿದ್ಯುತ್ತು ಕೊಳ್ಳತೊಡಗಿದರೆ ಅವರ ಹಣದಿಂದ ತುಂಬುತ್ತಿದ್ದ ಹಳ್ಳ ತುಂಬುವುದಿಲ್ಲ. ಹಾಗೆ ಹೋಗುವವರ ಮೇಲೆ ಎಷ್ಟು ಸರ್‌ಚಾರ್ಜು ಹಾಕಬೇಕೆಂಬುದು ಆಯೋಗಗಳ ಮುಂದೆಯೂ ನ್ಯಾಯಾಲಯಗಳ ಮುಂದೆಯೂ ಮುಗಿಯದ ವಾದ.

2023ರಲ್ಲಿ ಗೃಹಜ್ಯೋತಿ ಬಂದಿತು. ತಿಂಗಳಿಗೆ 200 ಯೂನಿಟ್ಟಿನೊಳಗೆ, ತಮ್ಮ ಹಿಂದಿನ ಬಳಕೆಯ ಮಿತಿಯಲ್ಲಿ ಇರುವ ಮನೆಗಳಿಗೆ ಬಿಲ್ಲಿಲ್ಲ. ಅದೇ ವರ್ಷ ಮಳೆ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಸರ್ಕಾರ ಕಾಯಿದೆಯ 11ನೆಯ ಕಲಮನ್ನು ಹೊರತೆಗೆದು, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆಜ್ಞೆ ಮಾಡಬೇಕಾಯಿತು. 2025ರ ಏಪ್ರಿಲಿನಿಂದ ಬಿಲ್ಲಿನಲ್ಲಿ ಯೂನಿಟ್ಟಿಗೆ 36 ಪೈಸೆ ಸೇರಿತು. ಅದು ವಿದ್ಯುತ್ ಕಂಪೆನಿಗಳ ನೌಕರರ ಪಿಂಚಣಿ, ಗ್ರಾಚುಯಿಟಿಗಳ ಬಾಬ್ತು. ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಆಯೋಗಗಳಿಗೂ ಒಂದು ಎಚ್ಚರಿಕೆ ಕೊಟ್ಟಿತು: ಖರ್ಚನ್ನು ಒಪ್ಪಿಕೊಂಡು, ದರ ಏರಿಸದೆ, ಬಾಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದೂಡುತ್ತ ಹೋಗಬಾರದು, ಹಳೆಯ ಬಾಕಿಯನ್ನು ಗೊತ್ತಾದ ಅವಧಿಯಲ್ಲಿ ತೀರಿಸಬೇಕು. ಮುಂದೂಡಿದ ಬಾಕಿಯೆಂದರೆ ನಾಳೆಯ ಗ್ರಾಹಕನಿಗೆ ತಿಳಿಯದಂತೆ ಅವನ ಹೆಸರಿನಲ್ಲಿ ಮಾಡಿದ ಸಾಲ. ಆದರೂ ಬಿಲ್ಲು ನಮ್ಮ ಕೈಗೆ ಬರುತ್ತದೆ. ತಕರಾರಿದ್ದರೆ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ನಿಂತು ಹೇಳಬಹುದು. ನಾವು ಕಾಗದ ಉಳ್ಳವರ ಸಾಲಿಗೆ ಸೇರಿದ್ದೇವೆ.

ಪಾವಗಡದ ಗುತ್ತಿಗೆ

ಶರಾವತಿಯ ಪಾಠವನ್ನು ಸರ್ಕಾರ ಕಲಿಯಲೇ ಇಲ್ಲವೆಂದರೆ ತಪ್ಪಾಗುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕು ಎದ್ದಿತು. 2019ರ ಹೊತ್ತಿಗೆ ಅದರ ಸಾಮರ್ಥ್ಯ 2,050 ಮೆಗಾವಾಟ್. ಬರಕ್ಕೆ ಹೆಸರಾದ ಸೀಮೆ. ಮಳೆಯಿಲ್ಲ, ಬಿಸಿಲಿಗೆ ಬರವಿಲ್ಲ. ಇಲ್ಲಿ ಸರ್ಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡ 5ರಂತೆ ಏರಿಕೆ. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯಿತು. ಕೋಲಾರದ ಗಣಿಗೆ ಸಿಕ್ಕಂಥ ಬರೆದ ಮಾತು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಪಾವಗಡದ ಒಕ್ಕಲಿಗನಿಗೆ ಸಿಕ್ಕಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಕೂಲಿಯವರ ಮಾತೇನು? ಅವರ ಹೆಸರಿನಲ್ಲಿ ಭೂಮಿಯಿಲ್ಲ. ಆದ್ದರಿಂದ ಗುತ್ತಿಗೆಯೂ ಇಲ್ಲ, ಬಾಡಿಗೆಯೂ ಇಲ್ಲ. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 2013ರ ಭೂಸ್ವಾಧೀನ ಕಾಯಿದೆ ಹಳೆಯ 1894ರ ಕಾಯಿದೆಗಿಂತ ಉದಾರವಾದದ್ದು. ಭೂಮಿಯಿಲ್ಲದಿದ್ದರೂ ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಭೂಮಿಯಲ್ಲಿ ದುಡಿದು, ಅದನ್ನೇ ಜೀವನಕ್ಕೆ ನೆಚ್ಚಿದ್ದ ಕೂಲಿಯ ಕುಟುಂಬವನ್ನೂ ಅದು ‘ಬಾಧಿತ ಕುಟುಂಬ’ವೆಂದು ಎಣಿಸುತ್ತದೆ. ಆದರೆ ಆ ಮಾತು ಸ್ವಾಧೀನಕ್ಕೆ ಅನ್ವಯಿಸುತ್ತದೆ. ಇಬ್ಬರು ಒಪ್ಪಿ ಮಾಡಿಕೊಂಡ ಗುತ್ತಿಗೆಗೆ ಅನ್ವಯಿಸುವುದಿಲ್ಲ. ಭೂಮಿಯುಳ್ಳವನನ್ನು ಕಾಪಾಡಿದ ಉಪಾಯವೇ ಭೂಮಿಯಿಲ್ಲದವನನ್ನು ಕಾನೂನಿನ ಹೊರಗೆ ನಿಲ್ಲಿಸಿತು. ಯಾರೋ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಕರಾರು ಬರೆಯುವಾಗ ಮೇಜಿನ ಸುತ್ತ ಕುಳಿತವರ ಹೆಸರು ಮಾತ್ರ ಅದರಲ್ಲಿ ಬರುತ್ತದೆ, ಅಷ್ಟೆ.

ಮತ್ತೆ ಶರಾವತಿ

ಬಿಸಿಲಿನ ವಿದ್ಯುತ್ತಿಗೆ ಒಂದು ದೋಷವಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಇರುವುದಿಲ್ಲ. ಹಗಲಿನಲ್ಲಿ ಮಿಕ್ಕ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಅದನ್ನೇ ಕೆಳಕ್ಕೆ ಬಿಟ್ಟು ಮತ್ತೆ ವಿದ್ಯುತ್ತು ಪಡೆಯುವುದು ಇದಕ್ಕೆ ಒಂದು ಪರಿಹಾರ. ಹೀಗೆ ಚರಿತ್ರೆ ಶರಾವತಿಗೆ ಮರಳಿದೆ. ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೆಲದೊಳಗೆ ಸುರಂಗ ಕೊರೆದು 2,000 ಮೆಗಾವಾಟಿನ ಸ್ಥಾವರ ಕಟ್ಟುವ ಯೋಜನೆಯನ್ನು ವಿದ್ಯುತ್ ನಿಗಮ ಮುಂದಿಟ್ಟಿದೆ. ಆ ಕಾಡು ಸಿಂಗಳೀಕಗಳ ಅಭಯಾರಣ್ಯ. ಅರಣ್ಯ ಕಾಯಿದೆಯ ಅನುಮತಿ ಬೇಕು, ವನ್ಯಜೀವಿ ಕಾಯಿದೆಯ ಅನುಮತಿ ಬೇಕು. ಪರವಾಗಿಯೂ ವಿರೋಧವಾಗಿಯೂ ತಿಳಿದವರು ವಾದಿಸುತ್ತಿದ್ದಾರೆ.

ಇಂಜಿನಿಯರಿಂಗಿನ ಬಗೆಗೆ ತೀರ್ಪು ಹೇಳುವಷ್ಟು ನಾನು ತಿಳಿದವನಲ್ಲ. ಆದರೆ ಚರಿತ್ರೆಯನ್ನು ಓದಿದವನಾಗಿ ಒಂದು ಮಾತನ್ನು ಹೇಳಬಹುದು. ಆ ಕಣಿವೆಯಲ್ಲಿ ಹಳೆಯ ಬಾಕಿ ಇನ್ನೂ ತೀರಿಲ್ಲ. ಹಣದ ಬಾಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದೂಡಬೇಡಿರೆಂದು ಸುಪ್ರೀಂ ಕೋರ್ಟು ಹೇಳಿದೆ; ಶರಾವತಿಯವರ ಬಾಕಿಯನ್ನು ಪುಸ್ತಕದಲ್ಲಿ ಬರೆದುಕೊಂಡವರೂ ಇಲ್ಲ. ಹೊಸ ಸುರಂಗದ ಅನುಮತಿಗಾಗಿ ಬೆಂಗಳೂರಿನಿಂದ ದೆಹಲಿಗೆ ಕಡತಗಳು ಹೋಗುವ ದಾರಿಯಲ್ಲಿಯೇ ಹಳೆಯ ಹಕ್ಕುಪತ್ರಗಳ ಕಡತವೂ ಹೋಗಬಹುದಲ್ಲ! ಮೊದಲನೆಯದಕ್ಕೆ ತೋರುವ ಆತುರದಲ್ಲಿ ಅರ್ಧದಷ್ಟನ್ನು ಎರಡನೆಯದಕ್ಕೆ ತೋರಿದರೂ ಸಾಕು.

ಶಿವನಸಮುದ್ರದ ವಿದ್ಯುತ್ತಿಗಾಗಿ ಮೊದಲ ಕರಾರು ಮಾಡಿಕೊಂಡ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಕರಾರಿನ ಫಲವನ್ನು ಉಂಡು, ಚಿನ್ನವನ್ನು ತೆಗೆದುಕೊಂಡು ಅವರು ಹೋದರು. ಅವರ ಬಾಕಿ ಯಾರಲ್ಲಿಯೂ ಉಳಿಯಲಿಲ್ಲ. ಕರಾರಿಲ್ಲದೆ ಮಾತನ್ನು ನಂಬಿ ಊರು ಬಿಟ್ಟವರ ಮೊಮ್ಮಕ್ಕಳು ಸಾಗರ, ಶಿವಮೊಗ್ಗಗಳ ಕಚೇರಿಗಳ ಮುಂದೆ ಇನ್ನೂ ನಿಂತಿದ್ದಾರೆ. ಸಂಜೆ ದೀಪ ಹಾಕುವಾಗ ಅವರನ್ನು ಒಮ್ಮೆ ನೆನೆಯುವುದು ನಮ್ಮಿಂದ ಆಗುವ ಕನಿಷ್ಠ ಕೆಲಸ. ಅವರ ಹೆಸರನ್ನು ಕಾಗದದ ಮೇಲೆ ಬರೆಯುವುದು ಸರ್ಕಾರದಿಂದ ಆಗಬೇಕಾದ ಕೆಲಸ.